ಅಲರ್ಜಿ ಕಣ್ಣಿಗೆ ಯಾವ ಡ್ರಾಪ್ಸ್, ಎಷ್ಟು ದಿನ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಮಗನಿಗೆ 9 ವರ್ಷ. ಮೂರು ವರ್ಷದಿಂದ ಅವನ ಕಣ್ಣು ತುರಿಸುತ್ತದೆ, ಕೆಂಪಾಗುತ್ತದೆ, ನೀರು ಬರುತ್ತದೆ. ಡಾಕ್ಟರು ಅಲರ್ಜಿ ಅಂತ ಹೇಳಿ ಒಲೊಪಟಡಿನ್ ಡ್ರಾಪ್ಸ್ ಬರೆದುಕೊಟ್ಟರು. ನಾಲ್ಕು ದಿನ ಕಣ್ಣಿಗೆ ಬಿಟ್ಟೆವು. ಅಷ್ಟೇನೂ ಗುಣ ಕಾಣಲಿಲ್ಲ, ಉರಿಯುತ್ತದೆ ಅಂತ ಅವನೂ ಹಟ ಮಾಡಿದ. ನಿಲ್ಲಿಸಿಬಿಟ್ಟೆವು. ಆಮೇಲೆ ಮೆಡಿಕಲ್‌ನಲ್ಲಿ ಕೇಳಿದಾಗ ಬೇರೆ ಡ್ರಾಪ್ಸ್ ಕೊಟ್ಟರು. ಅದನ್ನು ಬಿಟ್ಟರೆ ಒಂದೆರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಮಾಕ್ಸಿಫ್ಲಾಕ್ಸಾಸಿನ್, ಡೆಕ್ಸಾಮೆಥಾಸೋನ್ ಅಂತ ಇದೆ. ತುರಿಕೆ ಜಾಸ್ತಿಯಾದಾಗೆಲ್ಲ ಅದನ್ನೇ ತರುತ್ತೇವೆ. ಇದನ್ನೇ ಮುಂದುವರಿಸಬಹುದೇ? ಅಲರ್ಜಿ ಡ್ರಾಪ್ಸ್ ಅಭ್ಯಾಸವಾಗಿಬಿಡುತ್ತದೆ, ನಂದಿಬಟ್ಟಲು ಹೂವಿನ ನೀರು ಸಾಕು ಎನ್ನುತ್ತಾರೆ ನಮ್ಮ ಅತ್ತೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುವವಳು, ನನಗೂ ಆಗಾಗ ತುರಿಕೆ ಇದೆ. ಮಗನ ಡ್ರಾಪ್ಸನ್ನೇ ನಾನೂ ಬಿಡಬಹುದಾ?

ಉತ್ತರ: ನೀವು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ಬರೆದಿದ್ದೀರಿ. ಅದು ತುಂಬಾ ಒಳ್ಳೆಯದಾಯಿತು. ಮಾಕ್ಸಿಫ್ಲಾಕ್ಸಾಸಿನ್ ಎಂದರೆ ಆಂಟಿಬಯೋಟಿಕ್. ಡೆಕ್ಸಾಮೆಥಾಸೋನ್ ಎಂದರೆ ಸ್ಟೀರಾಯ್ಡ್, ಅಂದರೆ ಊತ, ಕೆಂಪನ್ನು ಬೇಗ ಇಳಿಸುವ ಮದ್ದು. ಅದನ್ನು ಇನ್ನು ಮೇಲೆ ನೀವಾಗಿಯೇ ತರಬೇಡಿ. ಈಗ ಕೆಲವು ವಾರಗಳಿಂದ ದಿನಾ ಬಿಡುತ್ತಿದ್ದರೆ ಎರಡು ಮೂರು ದಿನದೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಹೇಗೆ ನಿಲ್ಲಿಸಬೇಕು ಎಂದು ಅವರೇ ಹೇಳಲಿ. ಒಮ್ಮೆಲೇ ನಿಲ್ಲಿಸಿದರೆ ಕೆಲವು ಮಕ್ಕಳಿಗೆ ತುರಿಕೆ, ಕೆಂಪು ಇನ್ನೂ ಜೋರಾಗಿ ಮರಳುತ್ತದೆ. ಅಪರೂಪಕ್ಕೆ ಮಾತ್ರ ಬಿಟ್ಟಿದ್ದರೂ ಈ ತಿಂಗಳೊಳಗೆ ಅವನ ಕಣ್ಣಿನ ಒತ್ತಡವನ್ನು ಒಮ್ಮೆ ನೋಡಿಸಲೇಬೇಕು.

ಕಾರಣ ಹೇಳುತ್ತೇನೆ. ಸ್ಟೀರಾಯ್ಡ್ ಕೆಟ್ಟ ಮದ್ದಲ್ಲ. ಅಲರ್ಜಿ ತೀರಾ ಜೋರಾದಾಗ ಕಣ್ಣಿನ ಡಾಕ್ಟರುಗಳಾದ ನಾವೂ ಬರೆಯುತ್ತೇವೆ. ಆದರೆ ಕೆಲವು ದಿನಕ್ಕೆ, ಲೆಕ್ಕ ಹಾಕಿ, ಒತ್ತಡ ಅಳೆಯುತ್ತಾ. ಯಾಕೆಂದರೆ ಸ್ಟೀರಾಯ್ಡ್ ಡ್ರಾಪ್ಸ್ ಕೆಲವು ವಾರ ಬಿಟ್ಟರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಒತ್ತಡ ಸ್ವಲ್ಪವಾದರೂ ಏರುತ್ತದೆ, ಕೆಲವರಿಗೆ ತುಂಬಾ ಏರುತ್ತದೆ. ಮಕ್ಕಳಲ್ಲಿ ಇದು ಬೇಗ ಆಗುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಅದು 30, 40ಕ್ಕೆ ಹೋದರೂ ಮಗುವಿಗೆ ಎಷ್ಟೋ ಸಲ ನೋವಿಲ್ಲ, ಕೆಂಪಿಲ್ಲ. ಕಣ್ಣು ನೋಡಲು ಬೆಳ್ಳಗೆ, ಚೆಂದ ಇರುತ್ತದೆ. ಒಳಗೆ ಮಾತ್ರ ನರ ಸಾಯುತ್ತಾ ಹೋಗುತ್ತದೆ. ಇದೇ ಗ್ಲಾಕೋಮಾ. ಹಾಗೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ತುಂಬಾ ಕಾಲ ಬಿಟ್ಟರೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಪೊರೆಯೂ ಬರಬಹುದು. ಅಲರ್ಜಿಯಿಂದ ಕಣ್ಣು ಹೋಗುವುದು ಅಪರೂಪ. ಅಲರ್ಜಿಗೆ ಅಂತ ವರ್ಷಗಟ್ಟಲೆ ಬಿಟ್ಟ ಸ್ಟೀರಾಯ್ಡ್‌ನಿಂದ ಕಣ್ಣು ಕಳೆದುಕೊಂಡ ಹುಡುಗರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಅಪಾಯ ನಮ್ಮ ಹಳ್ಳಿಗಳಿಗೆ ಹತ್ತಿರದ್ದು. ಭತ್ತದ ತೆನೆ, ತೆಂಗಿನ ಗರಿ, ಹುಲ್ಲು ಕೊಚ್ಚುವ ಯಂತ್ರದಿಂದ ಹಾರಿದ ಚೂರು ಕಣ್ಣಿಗೆ ತಾಗಿ ಫಂಗಸ್ ಹುಣ್ಣಾಗುವುದು ಕರಾವಳಿಯಲ್ಲಿ ಹೊಸದೇನಲ್ಲ. ಮನೆಯ ಫ್ರಿಜ್ಜಿನಲ್ಲಿ ಮಗನ ಬಾಟಲಿ ಇರುತ್ತದೆ. "ಕಣ್ಣು ಕೆಂಪಾಗಿದೆ, ಇದೇ ಇದೆಯಲ್ಲ" ಅಂತ ಅಜ್ಜನಿಗೂ ಎರಡು ಹನಿ ಬಿಡುತ್ತಾರೆ. ಫಂಗಸ್ ಹುಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಅದು ಹಬ್ಬುತ್ತದೆ. ದಯವಿಟ್ಟು ಆ ಬಾಟಲಿಯನ್ನು ಮನೆಯಲ್ಲಿ ಉಳಿಸಬೇಡಿ. ಡಾಕ್ಟರಿಗೆ ತೋರಿಸಿದ ಮೇಲೆ ಎಸೆದುಬಿಡಿ.

ಬೇರೆ ಓದುಗರಿಗೂ ಉಪಯೋಗವಾಗಲಿ ಅಂತ ಹೆಸರುಗಳನ್ನು ಹೇಳುತ್ತೇನೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಇವೆಲ್ಲ ಸ್ಟೀರಾಯ್ಡ್‌ಗಳೇ. ಕೆಲವು ಸೌಮ್ಯ, ಕೆಲವು ಜೋರು. ಬ್ರ್ಯಾಂಡ್ ಹೆಸರಿನ ಕೊನೆಗೆ "ಡಿ", "ಡಿಎಕ್ಸ್", "ಎಲ್‌ಪಿ" ತರಹ ಅಕ್ಷರ ಸೇರಿದ್ದರೆ ಅಲ್ಲಿ ನಿಂತು ಕೆಳಗಿನ ಸಣ್ಣ ಅಕ್ಷರ ಓದಿ. ಮುಂದಿನ ಹೆಸರು ಒಂದೇ ಇದ್ದು, ಕೊನೆಯ ಒಂದು ಅಕ್ಷರದಲ್ಲಿ ಮದ್ದೇ ಬದಲಾಗಿರುತ್ತದೆ.

ಈಗ ನೀವು ನಾಲ್ಕು ದಿನಕ್ಕೆ ನಿಲ್ಲಿಸಿದ ಒಲೊಪಟಡಿನ್ ವಿಷಯ. ನನ್ನ ಪ್ರಕಾರ ಅದಕ್ಕೆ ಸರಿಯಾದ ಅವಕಾಶವೇ ಸಿಗಲಿಲ್ಲ.

ಕಣ್ಣಿನ ಬಿಳಿ ಭಾಗದ ಮೇಲೂ ರೆಪ್ಪೆಯ ಒಳಗೂ ಒಂದು ತೆಳು ಪದರ ಇದೆ. ಅದರಲ್ಲಿ ಮಾಸ್ಟ್ ಕಣಗಳು ಎಂಬ ಕಣಗಳಿವೆ. ಧೂಳೋ ಪರಾಗವೋ ತಾಗಿದಾಗ, ಅಲರ್ಜಿ ಇರುವವರಲ್ಲಿ ಈ ಕಣಗಳು ಒಡೆದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಹಿಸ್ಟಮಿನ್ ಹೋಗಿ ನರದ ತುದಿಯಲ್ಲೂ ರಕ್ತನಾಳದಲ್ಲೂ ತನಗಾಗಿ ಇರುವ ಜಾಗದಲ್ಲಿ ಕೂರುತ್ತದೆ. ನರದಲ್ಲಿ ಕೂತರೆ ತುರಿಕೆ. ರಕ್ತನಾಳದಲ್ಲಿ ಕೂತರೆ ಕೆಂಪು, ಊತ, ನೀರು. ಒಲೊಪಟಡಿನ್ ತರಹದ ಆಂಟಿಹಿಸ್ಟಮಿನ್ ಡ್ರಾಪ್ಸ್ ಮಾಡುವುದು ಇಷ್ಟೇ: ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿ ಜಾಗ ಹಿಡಿದ ಹಾಗೆ, ಆ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಆಮೇಲೆ ಬಂದ ಹಿಸ್ಟಮಿನ್‌ಗೆ ಸೀಟಿಲ್ಲ. ಹಾಗಾಗಿ ತುರಿಕೆ ಶುರುವಾದ ಮೇಲೆ ಬಿಡುವುದಕ್ಕಿಂತ ಮುಂಚೆಯೇ ಬಿಟ್ಟರೆ ಗುಣ ಜಾಸ್ತಿ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದು ಹನಿ ಬಿದ್ದಿರಬೇಕು. ಸಂಜೆ ಧೂಳಲ್ಲಿ ಆಡಿ ಬಂದು ಕಣ್ಣು ಉಜ್ಜಿಕೊಂಡ ಮೇಲೆ ಬಿಟ್ಟರೆ ಅರ್ಧ ಕೆಲಸ ತಪ್ಪಿಹೋಗಿರುತ್ತದೆ.

ಒಲೊಪಟಡಿನ್, ಕೀಟೊಟಿಫೆನ್, ಎಪಿನಾಸ್ಟಿನ್, ಬೆಪೊಟಾಸ್ಟಿನ್, ಅಲ್ಕಾಫ್ಟಡಿನ್ ಇವೆಲ್ಲ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಮಾಸ್ಟ್ ಕಣ ಒಡೆಯದ ಹಾಗೆ ಅದನ್ನು ಹಿಡಿದಿಡುತ್ತವೆ. ಮೊದಲ ಕೆಲಸದ ಪರಿಣಾಮ ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ. ಎರಡನೆಯದಕ್ಕೆ ದಿನಗಳು ಬೇಕು, ಪೂರ್ತಿ ಗುಣ ಕಾಣಲು ಎರಡು ವಾರವೂ ಹಿಡಿಯಬಹುದು. ಅದಕ್ಕೇ "ತುರಿಸಿದಾಗ ಬಿಡಿ" ಎನ್ನದೆ "ದಿನಾ ಬಿಡಿ" ಎನ್ನುತ್ತೇವೆ. ಮೂರು ವರ್ಷದಿಂದ ಇರುವ ಅಲರ್ಜಿ ನಾಲ್ಕು ದಿನದಲ್ಲಿ ಬಗ್ಗದಿದ್ದರೆ ಮದ್ದಿನ ತಪ್ಪಲ್ಲ.

ಒಲೊಪಟಡಿನ್ ಬೇರೆ ಬೇರೆ ಪ್ರಮಾಣದಲ್ಲಿ ಸಿಗುತ್ತದೆ. 0.1 ಶೇಕಡದ್ದನ್ನು ದಿನಕ್ಕೆ ಎರಡು ಸಲ, ನಡುವೆ ಕನಿಷ್ಠ 6ರಿಂದ 8 ಗಂಟೆ ಬಿಟ್ಟು ಬಿಡಬೇಕು. 0.2 ಶೇಕಡದ್ದು ದಿನಕ್ಕೆ ಒಂದೇ ಸಲ. ನಿಮ್ಮ ಮನೆಯಲ್ಲಿ ಇರುವುದು ಯಾವುದು ನೋಡಿ. ಹಟ ಮಾಡುವ ಹುಡುಗನಿಗೆ ದಿನಕ್ಕೆ ಒಂದು ಸಲದ್ದೇ ಅನುಕೂಲ, ಡಾಕ್ಟರ ಹತ್ತಿರ ಕೇಳಬಹುದು. ಕೀಟೊಟಿಫೆನ್ ದಿನಕ್ಕೆ ಎರಡು ಸಲ. ಹಳೆಯ ಕಾಲದ ಸೋಡಿಯಂ ಕ್ರೋಮೋಗ್ಲೈಕೇಟ್ ದಿನಕ್ಕೆ ನಾಲ್ಕು ಸಲ, ಅದೂ ಒಂದೆರಡು ವಾರ ಕಾದ ಮೇಲೆ ಗುಣ. ಸುರಕ್ಷಿತ ಹೌದು, ಆದರೆ ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ನಾಲ್ಕು ಸಲ ಬಿಡುವವರು ಯಾರು ಹೇಳಿ.

ಅಭ್ಯಾಸವಾಗುತ್ತದೆ ಎಂಬ ನಿಮ್ಮ ಅತ್ತೆಯ ಭಯಕ್ಕೆ ಉತ್ತರ: ಈ ಮದ್ದುಗಳು ಅಭ್ಯಾಸ ಆಗುವುದಿಲ್ಲ. ಕಣ್ಣಿನ ಒತ್ತಡ ಏರಿಸುವುದಿಲ್ಲ. ಪೊರೆ ತರುವುದಿಲ್ಲ. ಡಾಕ್ಟರ ಸಲಹೆಯಲ್ಲಿ ತಿಂಗಳುಗಟ್ಟಲೆ ಬಿಡಬಹುದು. ಅಮೆರಿಕದಲ್ಲಿ ಒಲೊಪಟಡಿನ್ 1996ರಿಂದ ಚೀಟಿಯ ಮೇಲೆ ಸಿಗುತ್ತಿತ್ತು. ಅಷ್ಟು ವರ್ಷ ಬಳಕೆಯಲ್ಲಿದ್ದ ಮೇಲೆ, 2020ರಲ್ಲಿ ಅಲ್ಲಿ ಅದನ್ನು ಚೀಟಿ ಇಲ್ಲದೆಯೂ ಮಾರಲು ಒಪ್ಪಿಗೆ ಕೊಟ್ಟರು. ಮೂರು ವರ್ಷ ದಾಟಿದ ಮಕ್ಕಳಿಗೂ ಇದನ್ನು ಬರೆಯುತ್ತೇವೆ. ಮದ್ದು ನಿಲ್ಲಿಸಿದ ಮೇಲೆ ತುರಿಕೆ ಮರಳಿದರೆ ಅದು ಅಭ್ಯಾಸ ಅಲ್ಲ. ಅಲರ್ಜಿ ಇನ್ನೂ ಇದೆ ಅಂತ ಅರ್ಥ.

ಆದರೆ ಅತ್ತೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ನಾಫಜೊಲಿನ್ ಇರುವ ಡ್ರಾಪ್ಸ್ ಇವೆ. ಹಳೆಯ ಆಂಟಿಹಿಸ್ಟಮಿನ್ ಜೊತೆ ಸೇರಿಸಿಯೂ ಮಾರುತ್ತಾರೆ. ಅದು ರಕ್ತನಾಳವನ್ನು ಹಿಂಡುತ್ತದೆ, ಕಣ್ಣು ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಪರಿಣಾಮ ಇಳಿದಾಗ ಮೊದಲಿಗಿಂತ ಜಾಸ್ತಿ ಕೆಂಪು. ಮತ್ತೆ ಬಿಡಬೇಕು ಅನ್ನಿಸುತ್ತದೆ. ಅಭ್ಯಾಸವಾಗುವುದು ಅದು. ಮದುವೆಗೋ ಫೋಟೋಗೋ ಅಂತ ದೊಡ್ಡವರು ಒಂದು ದಿನ ಬಿಟ್ಟರೆ ನಡೆದೀತು. ಮಕ್ಕಳಿಗೆ ಬೇಡವೇ ಬೇಡ.

ಉರಿಯ ವಿಷಯಕ್ಕೆ ಬರೋಣ. ಹನಿ ಬಿದ್ದ ಕೂಡಲೇ ಕೆಲವು ಕ್ಷಣ ಚುರುಗುಟ್ಟುವುದು ಸಾಮಾನ್ಯ. ಕಣ್ಣು ಜಾಸ್ತಿ ಕೆರಳಿದ್ದರೆ ಜಾಸ್ತಿ ಚುರುಗುಟ್ಟುತ್ತದೆ. ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಐಸ್ ಆಗುವ ಕಡೆ ಬೇಡ. ತಣ್ಣಗಿನ ಹನಿ ಅಷ್ಟು ಉರಿಯುವುದಿಲ್ಲ, ತುರಿಕೆಗೂ ಹಿತ. ಹನಿ ಗಂಟಲಿಗೆ ಇಳಿದು ಬಾಯಿ ಕಹಿಯಾಗುವುದೂ ಉಂಟು. ಬಿಟ್ಟ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಮದ್ದು ಕಣ್ಣಲ್ಲೇ ಉಳಿಯುತ್ತದೆ.

ಬಿಡುವ ಕ್ರಮದಲ್ಲೇ ಅರ್ಧ ಮದ್ದು ಹಾಳಾಗುತ್ತದೆ. ಒಂದು ಕಣ್ಣಿಗೆ ಒಂದೇ ಹನಿ. ಬಾಟಲಿಯಿಂದ ಬೀಳುವ ಒಂದು ಹನಿಯೇ ಕಣ್ಣು ಹಿಡಿದಿಟ್ಟುಕೊಳ್ಳುವುದಕ್ಕಿಂತ ದೊಡ್ಡದು. ಎರಡನೆಯದು ಕೆನ್ನೆಗೆ ಹೋಗುತ್ತದೆ ಅಷ್ಟೇ. ಹುಡುಗ ಕಣ್ಣು ಬಿಗಿದು ಮುಚ್ಚಿದರೆ ಜಗಳ ಬೇಡ. ಮಲಗಿಸಿ, ಕಣ್ಣು ಮುಚ್ಚಿಯೇ ಇರಲಿ ಎನ್ನಿ. ಮೂಗಿನ ಪಕ್ಕದ ಮೂಲೆಯ ಗುಳಿಯಲ್ಲಿ ಒಂದು ಹನಿ ಹಾಕಿ. ಆಮೇಲೆ ಮೆಲ್ಲಗೆ ಕಣ್ಣು ತೆರೆಯಲು ಹೇಳಿ, ತಾನಾಗಿ ಒಳಗೆ ಇಳಿಯುತ್ತದೆ. ಬೇರೆ ಡ್ರಾಪ್ಸೂ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ತುದಿ ರೆಪ್ಪೆಗೆ, ಬೆರಳಿಗೆ ತಾಗಬಾರದು. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆಯಿರಿ. ಒಂದು ತಿಂಗಳಾದ ಮೇಲೆ ಮದ್ದು ಉಳಿದಿದ್ದರೂ ಎಸೆಯಿರಿ.

ನಿಮ್ಮ ಮಗನ ಬಗ್ಗೆ ನನಗೆ ಇನ್ನೊಂದು ಸಂಶಯ ಇದೆ. ಅವನಿಗೆ 9 ವರ್ಷ, ಹುಡುಗ, ನಮ್ಮದು ಸೆಖೆಯ ಊರು, ಮೂರು ವರ್ಷದಿಂದ ತುರಿಕೆ. ಇದು ಮಾಮೂಲಿ ಅಲರ್ಜಿ ಇರಬಹುದು. ವರ್ನಲ್ ಕೆರಟೊಕಂಜಂಕ್ಟಿವೈಟಿಸ್ ಎಂಬ ಜೋರಿನ ಅಲರ್ಜಿಯೂ ಇರಬಹುದು. ನಾವು ಚಿಕ್ಕದಾಗಿ ವಿಕೆಸಿ ಎನ್ನುತ್ತೇವೆ. ಇದು ಬಿಸಿ ಹವೆಯ ಊರುಗಳಲ್ಲಿ, ಹುಡುಗರಲ್ಲಿ ಜಾಸ್ತಿ. ಹೆಚ್ಚಿನವರಿಗೆ ಹದಿಹರೆಯ ದಾಟುವಾಗ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಕಣ್ಣನ್ನು ಕಾಪಾಡಿಕೊಂಡು ಹೋಗುವುದೇ ನಮ್ಮ ಕೆಲಸ. ಬೆಳಿಗ್ಗೆ ಕಣ್ಣಿನಿಂದ ನೂಲಿನ ಹಾಗೆ ಎಳೆಯುವ ಬಿಳಿ ಲೋಳೆ ಬರುತ್ತದೆಯಾ? ಬಿಸಿಲಿಗೆ ಕಣ್ಣು ಬಿಡಲು ಕಷ್ಟಪಡುತ್ತಾನಾ? ಬಿಳಿ ಭಾಗ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆಯಾ? ಹೌದಾದರೆ ಡಾಕ್ಟರು ಮೇಲಿನ ರೆಪ್ಪೆ ಮಗುಚಿ ನೋಡಬೇಕು. ಅಲ್ಲಿ ಕಲ್ಲು ಹಾಸಿದ ಹಾಗೆ ದಪ್ಪ ಗಂಟುಗಳು ಎದ್ದಿದ್ದರೆ ವಿಕೆಸಿ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಆಂಟಿಹಿಸ್ಟಮಿನ್ ಒಂದೇ ಸಾಲದೆ ಹೋಗಬಹುದು. ಸೈಕ್ಲೋಸ್ಪೋರಿನ್ ಡ್ರಾಪ್ಸ್, ಟ್ಯಾಕ್ರೋಲಿಮಸ್ ಮುಲಾಮು ಇವೆ. ಇವು ಸ್ಟೀರಾಯ್ಡ್ ಅಲ್ಲ, ಒತ್ತಡ ಏರಿಸುವುದಿಲ್ಲ. ನಿಧಾನಕ್ಕೆ ಕೆಲಸ ಮಾಡುತ್ತವೆ, ಆದರೆ ವರ್ಷಗಟ್ಟಲೆ ಸ್ಟೀರಾಯ್ಡ್ ಬಿಡುವ ಪ್ರಮೇಯ ತಪ್ಪಿಸುತ್ತವೆ.

ಉಜ್ಜುವುದನ್ನು ನಿಲ್ಲಿಸಲೇಬೇಕು. ಉಜ್ಜಿದಾಗ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಉಜ್ಜುವ ಏಟಿಗೇ ಇನ್ನಷ್ಟು ಮಾಸ್ಟ್ ಕಣ ಒಡೆದು ಇನ್ನಷ್ಟು ಹಿಸ್ಟಮಿನ್ ಹೊರಬೀಳುತ್ತದೆ. ಎರಡು ನಿಮಿಷಕ್ಕೆ ಮತ್ತೆ ತುರಿಕೆ. ವರ್ಷಗಟ್ಟಲೆ ಉಜ್ಜುವ ಮಕ್ಕಳಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ (ಕಾರ್ನಿಯಾ) ತೆಳುವಾಗಿ ಮುಂದಕ್ಕೆ ಉಬ್ಬುವುದುಂಟು, ಅದಕ್ಕೆ ಕೆರಟೊಕೋನಸ್ ಎನ್ನುತ್ತೇವೆ. ಕನ್ನಡಕದ ನಂಬರು, ಅದರಲ್ಲೂ ಸಿಲಿಂಡರ್ ನಂಬರು, ಪದೇ ಪದೇ ಏರುತ್ತಿದ್ದರೆ ಕಾರ್ನಿಯಾದ ಆಕಾರ ನೋಡುವ ಟೊಪೊಗ್ರಫಿ ಪರೀಕ್ಷೆ ಮಾಡಿಸಿ. "ಉಜ್ಜಬೇಡ" ಅಂತ ಸುಮ್ನೆ ಗದರಿಸಿದರೆ ಮಗು ಕದ್ದು ಉಜ್ಜುತ್ತದೆ. ಬದಲಿಗೆ ಸ್ವಚ್ಛ ಬಟ್ಟೆಯನ್ನು ಫ್ರಿಜ್ಜಿನ ನೀರಿನಲ್ಲಿ ಅದ್ದಿ ಹಿಂಡಿ ಕೊಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟುಕೊಳ್ಳಲಿ. ಕೃತಕ ಕಣ್ಣೀರಿನ ಡ್ರಾಪ್ಸೂ ಧೂಳು ತೊಳೆದು ಹಿತ ಕೊಡುತ್ತದೆ.

ಧೂಳು ಅಂದೆನಲ್ಲ, ನಮ್ಮ ಊರಿನಲ್ಲಿ ಅಲರ್ಜಿಗೆ ಎರಡು ಕಾಲ. ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು, ಕಪಾಟಿನ ಪುಸ್ತಕಕ್ಕೂ ಬೂಷ್ಟು. ಈ ತೇವದ ಹವೆ ಧೂಳಿನ ನುಸಿಗೆ ಬಹಳ ಇಷ್ಟ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕದು, ಹಾಸಿಗೆ ದಿಂಬಿನಲ್ಲಿ ನಮ್ಮ ಚರ್ಮದ ಪುಡಿ ತಿಂದು ಬದುಕುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತುರಿಕೆ ಜಾಸ್ತಿ ಇದ್ದರೆ ಹಾಸಿಗೆಯ ಮೇಲೆ ಸಂಶಯ ಇಡಿ. ಮಳೆ ನಿಂತ ಮೇಲೆ ಕಥೆ ಬೇರೆ. ಹುಲ್ಲಿನ ಪರಾಗ, ಭತ್ತ ಬಡಿಯುವ ಧೂಳು, ಮುರಕಲ್ಲಿನ ಕೆಂಪು ಧೂಳು, ಹೆದ್ದಾರಿ ಬದಿಯ ಮಣ್ಣು. ಹೊರಗೆ ಹೋಗಿ ಬಂದ ಮೇಲೆ ತುರಿಕೆ ಜಾಸ್ತಿಯಾದರೆ ಕಾರಣ ಇಲ್ಲಿ ಹುಡುಕಬೇಕು. ಯಾವ ತಿಂಗಳು, ಯಾವ ಹೊತ್ತು, ಎಲ್ಲಿ ಹೋಗಿ ಬಂದ ಮೇಲೆ ಅಂತ ಒಂದು ಹಳೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟೋ ಸಲ ರಕ್ತಪರೀಕ್ಷೆಗಿಂತ ಈ ಕ್ಯಾಲೆಂಡರ್ ನಮಗೆ ಜಾಸ್ತಿ ಹೇಳುತ್ತದೆ.

ಹಾಸಿಗೆ ಹೊದಿಕೆ, ದಿಂಬಿನ ಕವರನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ತೊಳೆಯಿರಿ, 60 ಡಿಗ್ರಿ ಇದ್ದರೆ ನುಸಿ ಸಾಯುತ್ತದೆ. ಹತ್ತಿ ಹಾಸಿಗೆಯಾದರೆ ಬಿಸಿಲು ಬಂದ ದಿನ ಅಂಗಳದಲ್ಲಿ ಒಣಗಿಸಿ, ಬಡಿಯುವಾಗ ಮಗ ಹತ್ತಿರ ಇರಬಾರದು. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಡಿ ಬಂದ ಮೇಲೆ ಮುಖ ತೊಳೆಯಲಿ. ಬೈಕಿನಲ್ಲಿ ಹೋಗುವಾಗ ಪವರ್ ಇಲ್ಲದ ಕನ್ನಡಕ ಹಾಕಲಿ. ಎಲ್ಲವನ್ನೂ ಒಟ್ಟಿಗೆ ಮಾಡಬೇಕಾಗಿಲ್ಲ, ಕ್ಯಾಲೆಂಡರ್ ತೋರಿಸಿದ ಕಡೆಯಿಂದ ಶುರು ಮಾಡಿ.

ನಂದಿಬಟ್ಟಲು ನೀರು ಬೇಡ. ನಮ್ಮ ಕಡೆ ಇದು ಹಳೆಯ ರೂಢಿ ಅಂತ ನನಗೆ ಗೊತ್ತು, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೂವಿನಲ್ಲಿ ಪರಾಗ ಇದೆ, ನೀರಿನಲ್ಲಿ ಕ್ರಿಮಿ ಇದೆ. ಉಜ್ಜಿ ಉಜ್ಜಿ ಗೀರಾದ ಕಣ್ಣಿಗೆ ಅದು ಬಿದ್ದರೆ ಸೋಂಕಿಗೆ ದಾರಿ. ಎದೆಹಾಲು, ಜೇನು, ಹರಳೆಣ್ಣೆ ಇವೂ ಬೇಡ. ತಣ್ಣೀರ ಬಟ್ಟೆ ಅತ್ತೆಯ ಕೈಯಲ್ಲೇ ಇಡಿಸಿ, ಅದರಿಂದ ನಿಜವಾಗಿಯೂ ಉಪಕಾರ ಇದೆ.

ಇನ್ನು ನಿಮ್ಮ ಕಣ್ಣು. ಮಗನ ಬಾಟಲಿ ಹಂಚಿಕೊಳ್ಳಬೇಡಿ. ಅದೇ ಮದ್ದು ನಿಮಗೂ ಬೇಕಾಗಬಹುದು, ಆದರೆ ನಿಮಗೆ ಬೇರೆ ಬಾಟಲಿ. ಲೆನ್ಸ್ ಹಾಕಿಕೊಂಡೇ ಡ್ರಾಪ್ಸ್ ಬಿಡಬಾರದು. ಇವುಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಸಾಮಾನ್ಯವಾಗಿ ಇರುತ್ತದೆ. ಮೆತ್ತನೆಯ ಲೆನ್ಸ್ ಅದನ್ನು ಹೀರಿಕೊಂಡು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಮೊದಲು ಹನಿ, 10ರಿಂದ 15 ನಿಮಿಷ ಬಿಟ್ಟು ಲೆನ್ಸ್. ಕಣ್ಣು ಕೆಂಪಾಗಿರುವ ದಿನ ಲೆನ್ಸ್ ಬೇಡವೇ ಬೇಡ, ಕನ್ನಡಕ ಹಾಕಿ. ಲೆನ್ಸಿಗೇ ಅಲರ್ಜಿಯಾಗಿ ರೆಪ್ಪೆಯೊಳಗೆ ಗಂಟು ಏಳುವುದೂ ಇದೆ. ಹಾಗಾಗಿ ಮಗನ ಜೊತೆ ನೀವೂ ತೋರಿಸಿಕೊಳ್ಳಿ.

ಸಿಟ್ರಿಜಿನ್ ಮಾತ್ರೆ ಸಾಕಾಗುತ್ತದಾ ಅಂತ ಹಲವರು ಕೇಳುತ್ತಾರೆ. ಮೂಗು ಸೋರುವುದು, ಸೀನು ಇದ್ದರೆ ಮಾತ್ರೆ ಉಪಯೋಗ. ಕಣ್ಣಿಗೆ ಮಾತ್ರ ಆದರೆ ಡ್ರಾಪ್ಸ್ ಬೇಗ ಕೆಲಸ ಮಾಡುತ್ತದೆ, ಮಾತ್ರೆ ಕೆಲವರ ಕಣ್ಣನ್ನು ಒಣಗಿಸುತ್ತದೆ.

ಇದಿಷ್ಟೂ ಅಲರ್ಜಿಯ ಮಾತು. ಅಲರ್ಜಿಯಲ್ಲಿ ತುರಿಕೆಯೇ ಮುಖ್ಯ, ಎರಡೂ ಕಣ್ಣಿಗೆ ಇರುತ್ತದೆ. ಒಂದೇ ಕಣ್ಣು ಕೆಂಪಾಗಿ, ಬೆಳಿಗ್ಗೆ ಪಿಸುರಿನಿಂದ ರೆಪ್ಪೆ ಅಂಟಿಕೊಂಡು, ಮನೆಯಲ್ಲಿ ಇನ್ನೊಬ್ಬರಿಗೂ ಬಂದರೆ ಅದು ಕೆಂಗಣ್ಣು ಇರಬಹುದು, ಮದ್ರಾಸ್ ಐ ಎನ್ನುತ್ತೇವಲ್ಲ, ಅದು. ನೋವು ಜೋರಾಗಿದ್ದರೆ, ದೃಷ್ಟಿ ಮಂಜಾದರೆ, ಬೆಳಕಿಗೆ ಕಣ್ಣು ಬಿಡಲೇ ಆಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಯಾವ ಡ್ರಾಪ್ಸನ್ನೂ ಕಣ್ಣಿಗೆ ಹಾಕದೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ವಿಕೆಸಿ ಮಕ್ಕಳಲ್ಲಿ ರೆಪ್ಪೆಯ ಗಂಟು ತಿಕ್ಕಿ ಕಾರ್ನಿಯಾದ ಮೇಲೆ ಹುಣ್ಣಾಗುವುದು ಹೀಗೆಯೇ ಶುರುವಾಗುತ್ತದೆ.

ಖಾಸಗಿಗೆ ಹೋಗುವುದು ಕಷ್ಟವಾದರೆ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲೂ ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲೂ ಕಣ್ಣಿನ ವಿಭಾಗ ಇದೆ. ಮದ್ದಿನ ಖರ್ಚು ಜಾಸ್ತಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಹೆಸರು ಹೇಳದೆ ಮದ್ದಿನ ಹೆಸರು ಮತ್ತು ಶೇಕಡ ಹೇಳಿ ಕೇಳಿ ನೋಡಿ. ಡಾಕ್ಟರ ಹತ್ತಿರ ಹೋಗುವಾಗ ಎರಡೂ ಬಾಟಲಿ ತೆಗೆದುಕೊಂಡು ಹೋಗಿ. ಸ್ಟೀರಾಯ್ಡ್ ಎಷ್ಟು ಸಲ ತಂದಿದ್ದೀರಿ, ಒಂದು ಸಲಕ್ಕೆ ಎಷ್ಟು ದಿನ ಬಿಟ್ಟಿದ್ದೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಒತ್ತಡ ಎಷ್ಟು ಬಂತು ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ, ಮತ್ತೆ ಯಾವಾಗ ಅಳೆಯಬೇಕು ಅಂತಲೂ ಕೇಳಿ.